ಬಾಡಿಗೆ ಮನೆ ಮತ್ತು ಒಂದು ಸುಳ್ಳು

ಹಾಸ್ಟೆಲ್ ಬಿಟ್ಟು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಮೊನ್ನೆ ನಮ್ಮ ಹತ್ತಿರ ಬಂದು ಕೇಳಿದ: 'ಅಣ್ಣ, ಭಾನುವಾರ ಒಂದು ಮನೆ ನೋಡೋಕೆ ಹೋಗ್ತಾ ಇದ್ದೀನಿ. ಓನರು ಜಾತಿ ಕೇಳಿದ್ರೆ ಏನ್ ಹೇಳ್ಲಿ?'

ನಾವು ತಕ್ಷಣ ಉತ್ತರ ಕೊಡಲಿಲ್ಲ. ವೇದಿಕೆಯ ಮೇಲಾದರೆ ಉತ್ತರ ಸುಲಭ. 'ಎದೆ ತಟ್ಟಿ ಹೇಳು' ಎನ್ನಬಹುದು, ಚಪ್ಪಾಳೆಯೂ ಬೀಳುತ್ತದೆ. ಆದರೆ ಹುಡುಗ ವೇದಿಕೆಯ ಮುಂದೆ ಕೂತಿರಲಿಲ್ಲ. ಮೂರು ತಿಂಗಳಿಂದ ಗೆಳೆಯನ ರೂಮಿನಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದಾನೆ. ಆ ರೂಮಿನ ಓನರು 'ಒಬ್ರಿಗೆ ಅಂತ ಕೊಟ್ಟಿದ್ದು, ಇಬ್ರಿದ್ದೀರಿ' ಎಂದು ವಾರಕ್ಕೊಮ್ಮೆ ಬಾಗಿಲು ತಟ್ಟುತ್ತಾನೆ. ಈಗಾಗಲೇ ಒಂದು ಕಡೆ ಹುಡುಗ ನಿಜ ಹೇಳಿ ನೋಡಿದ್ದಾನೆ. 'ಅಯ್ಯೋ, ಬೆಳಿಗ್ಗೆ ತಾನೇ ಬೇರೆಯೋರಿಗೆ ಮಾತಾಯ್ತಲ್ಲಪ್ಪ' ಎಂದರಂತೆ. ಎಂಟು ದಿನ ಕಳೆದು ಅದೇ ದಾರಿಯಲ್ಲಿ ಹೋದರೆ ಟು-ಲೆಟ್ ಬೋರ್ಡು ಗೇಟಿನಲ್ಲಿ ನೇತಾಡುತ್ತಲೇ ಇತ್ತಂತೆ.

ಕಡಿಮೆ ಬಾಡಿಗೆಯ ಮನೆ ಹಿಡಿದರೆ ಅನುಕೂಲವೇನು, ಅನಾನುಕೂಲವೇನು ಎಂದು ಪೇಪರಿನವರು ಆಗಾಗ ಬರೆಯುತ್ತಾರೆ. ಗಾಳಿ, ಬೆಳಕು, ನೀರು, ಬಸ್ ಸ್ಟಾಪಿನ ದೂರ, ಅಡ್ವಾನ್ಸಿನ ಮೊತ್ತ ಎಲ್ಲವೂ ಆ ಪಟ್ಟಿಯಲ್ಲಿ ಇರುತ್ತವೆ. ಒಂದು ಬಾಬತ್ತು ಮಾತ್ರ ಇರುವುದಿಲ್ಲ. ಮನೆ ಹಿಡಿಯಲು ನೀನು ಎಷ್ಟು ಸುಳ್ಳು ಹೇಳಬೇಕು, ಆ ಸುಳ್ಳಿಗೆ ತಿಂಗಳು ತಿಂಗಳು ಯಾರು ಬಾಡಿಗೆ ಕಟ್ಟಬೇಕು ಎಂಬ ಲೆಕ್ಕ. ಅದನ್ನು ಬರೆಯಬೇಕಾದವರು ನಾವೇ.

ಹಳ್ಳಿಯಲ್ಲಿ ಜಾತಿ ಕೇಳುವ ಅಗತ್ಯವಿಲ್ಲ. ಯಾವ ದಿಕ್ಕಿನಿಂದ ನಡೆದು ಬಂದ ಎಂಬುದರಲ್ಲೇ ಎಲ್ಲ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಎಲ್ಲರೂ ಒಂದೇ ಬಸ್ಸಿನಲ್ಲಿ ಬಂದು ಇಳಿಯುವುದರಿಂದ ಬಾಯಿಗೆ ಕೆಲಸ ಬಿದ್ದಿದೆ. ಆದರೂ ಇಲ್ಲಿ ಜಾತಿಯನ್ನು ಜಾತಿಯೆಂದು ಕೇಳುವವರು ಕಡಿಮೆ. ಊರೋರು ನಾಗರಿಕರು ನೋಡಿ! 'ಯಾವ ಕಡೆ ಜನ ನೀವು?' ಎಂದು ಶುರುವಾಗುತ್ತದೆ. 'ಅಪ್ಪಾಜಿ ಏನ್ ಮಾಡ್ಕೊಂಡಿದ್ದಾರೆ? ಜಮೀನು ಗಿಮೀನು?' 'ನಾನ್‌ವೆಜ್ ಮಾಡ್ತೀರಾ?' ಕೊನೆಗೆ, ಏನೂ ಗೊತ್ತಿಲ್ಲದವರ ಹಾಗೆ, 'ಮನೆದೇವ್ರು ಯಾವುದು?' ಇದು ಪೊಲೀಸ್ ಠಾಣೆಯಲ್ಲಿ ಕೇಳುವ ಪ್ರಶ್ನೆಗಳಿಗಿಂತ ನುಣುಪು, ಅಷ್ಟೇ ಹರಿತ. ಆಧಾರ್ ಕಾರ್ಡಿನ ಜೆರಾಕ್ಸಿನಲ್ಲಿ ಜಾತಿ ಇಲ್ಲ ನಿಜ. ಅಪ್ಪನ ಹೆಸರಿದೆ, ಊರಿನ ಹೆಸರಿದೆ. ಬೇಕಾದವರಿಗೆ ಅಷ್ಟು ಸಾಕು.

ನಾವೂ ಈ ಪರೀಕ್ಷೆಗೆ ಕೂತಿದ್ದೆವು, ಪಾಸೂ ಆಗಿದ್ದೆವು. ನಾವು ಎಂದರೆ ಗಂಡ, ಹೆಂಡತಿ, ಆಗ ಮೂರು ವರ್ಷದ ಮಗಳು. ಮೊದಲನೇ ಮಹಡಿಯ ಮನೆ, ಎರಡು ಕಡೆ ಕಿಟಕಿ, ಕಾವೇರಿ ನೀರು. ಬಾಡಿಗೆ ಹನ್ನೊಂದು ಸಾವಿರ. ಆ ಬಡಾವಣೆಗೆ ಅದು ಕಡಿಮೆಯೇ. ಅಡ್ವಾನ್ಸು ಒಂದು ಲಕ್ಷ. ಒಡವೆ ಅಡವಿಟ್ಟು, ಸಂಘದಲ್ಲಿ ಸಾಲ ಎತ್ತಿ ಹೊಂದಿಸಿದ್ದೆವು. ಮನೆಯವರು ಕಾಫಿ ಕೊಟ್ಟು, 'ಮನೆದೇವ್ರು?' ಎಂದರು. 'ಮಾದಪ್ಪ' ಎಂದೆವು. ಇದು ಸುಳ್ಳಲ್ಲ. ಮಲೆ ಮಹದೇಶ್ವರನಿಗೆ ನಮ್ಮ ಸೀಮೆಯಲ್ಲಿ ಲಿಂಗಾಯತರೂ ಒಕ್ಕಲು, ಕುರುಬರೂ ಒಕ್ಕಲು, ಸೋಲಿಗರೂ ಒಕ್ಕಲು, ಹೊಲೆಯ ಮಾದಿಗರೂ ಒಕ್ಕಲು. ಆ ಯಜಮಾನರು ತಮಗೆ ಬೇಕಾದ ಒಕ್ಕಲನ್ನು ಆರಿಸಿಕೊಂಡು, 'ಹಂಗಾದ್ರೆ ನಮ್ಮೋರೇ ಆದ್ರಿ' ಎಂದು ನಕ್ಕರು. ನಾವೂ ನಕ್ಕೆವು.

ಆ ನಗೆಯೇ ಸುಳ್ಳು. ಬಾಯಿ ಬಿಟ್ಟು ಒಂದು ಸುಳ್ಳು ಮಾತಾಡದೆ ನಾವು ಸುಳ್ಳಿನ ಮನೆ ಹೊಕ್ಕೆವು.

ಹದಿನಾಲ್ಕು ತಿಂಗಳು ಅಲ್ಲಿದ್ದೆವು. ಮನೆ ಚೆನ್ನಾಗಿತ್ತು, ಅದನ್ನು ಇಲ್ಲ ಎನ್ನುವುದು ಇನ್ನೊಂದು ಸುಳ್ಳಾಗುತ್ತದೆ. ಬೆಳಗಿನ ಬಿಸಿಲು ಅಡಿಗೆ ಕೋಣೆಯ ತನಕ ಬರುತ್ತಿತ್ತು. ಯುಗಾದಿಗೆ ಕೆಳಗಿನಿಂದ ಒಬ್ಬಟ್ಟು ಬರುತ್ತಿತ್ತು. ಮಗಳಿಗೆ ಜ್ವರ ಬಂದಾಗ ಅವರದೇ ಗಾಡಿಯಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಕೆಟ್ಟ ಜನ ಅಲ್ಲ. ಇದನ್ನು ನಾವು ಬೇಕೆಂದೇ ಬರೆಯುತ್ತಿದ್ದೇವೆ, ಯಾಕೆಂದರೆ ನಮ್ಮ ಬರಹಗಳಲ್ಲಿ ಮೇಲ್ಜಾತಿಯವನು ಯಾವಾಗಲೂ ಮೀಸೆ ತಿರುವುತ್ತಾ ಬರುತ್ತಾನೆ. ಒಬ್ಬಟ್ಟು ಹಿಡಿದು ಬರುವವನನ್ನು ಏನು ಮಾಡಬೇಕೆಂದು ನಾವಿನ್ನೂ ಬರೆದಿಲ್ಲ.

ಆ ಹದಿನಾಲ್ಕು ತಿಂಗಳು ಬಾಬಾಸಾಹೇಬರ ಫೋಟೋ ಟ್ರಂಕಿನಲ್ಲಿ ಇತ್ತು, ಮಗಳ ಹಳೇ ಸ್ವೆಟರಿನೊಳಗೆ ಸುತ್ತಿ. ಗೋಡೆಯಲ್ಲಿ ಮೊಳೆಗಳಿಗೆ ಬರವಿರಲಿಲ್ಲ. ಹಿಂದಿದ್ದವರು ದೇವರ ಪಟಕ್ಕೆಂದು ಹೊಡೆದಿದ್ದ ಏಳೆಂಟು ಮೊಳೆ ಹಾಗೇ ಇದ್ದವು. ಏಪ್ರಿಲ್ 14ರಂದು ಮೆರವಣಿಗೆಗೆ ಹೋಗಿ ಘೋಷಣೆ ಕೂಗಿ, ನೀಲಿ ಶಾಲನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆವು. ಫೋನಿನಲ್ಲಿ 'ಜೈ ಭೀಮ್' ಎನ್ನಬೇಕಾದರೆ ಬಚ್ಚಲಿಗೆ ಹೋಗುತ್ತಿದ್ದೆವು. ಈ ಪತ್ರಿಕೆಯನ್ನು ಕೂಡ ಆಫೀಸಿನ ವಿಳಾಸಕ್ಕೆ ತರಿಸಿಕೊಳ್ಳುತ್ತಿದ್ದೆವು. ಸಂಪಾದಕರು ವಿಳಾಸ ಯಾಕೆ ಬದಲಾಯಿತೆಂದು ಕೇಳಲಿಲ್ಲ. ಅವರೂ ಬಾಡಿಗೆ ಮನೆಯಲ್ಲಿರುವವರು.

ಇವೆಲ್ಲ ತಡೆದುಕೊಂಡೆವು. ತಡೆಯಲಾಗದ್ದು ಅವ್ವ ಬಂದಾಗ ಆಯಿತು.

ಅವ್ವ ಊರಿನಿಂದ ಹೊರಡುವ ಮೊದಲೇ ಫೋನಿನಲ್ಲಿ ಪಾಠ ಹೇಳಿಕೊಟ್ಟಿದ್ದೆವು. ಕೆಳಗಿನೋರು ಮಾತಾಡಿಸಿದರೆ ಹೆಚ್ಚು ಮಾತು ಬೇಡ. ಯಾವ ಬೀದಿ ಅಂದರೆ ದೇವಸ್ಥಾನದ ಹತ್ತಿರ ಅನ್ನು. (ಅದೂ ಸುಳ್ಳಲ್ಲ. ನಮ್ಮದೂ ಮಾರಮ್ಮನ ದೇವಸ್ಥಾನದ ಹತ್ತಿರವೇ.) ಅವ್ವನ ಮಾತಿನಲ್ಲೇ ಕೇರಿ ಇದೆ ಎಂದು ನಮಗೆ ಹೆದರಿಕೆ. ಆಕೆ ಬಂದಳು. ಬೆಳಿಗ್ಗೆ ಮಹಡಿಯ ಮೆಟ್ಟಿಲಲ್ಲಿ ಕೂತು ಯಾರನ್ನಾದರೂ ಮಾತಾಡಿಸುವ ಹೆಂಗಸು ಮೂರು ದಿನ ಒಳಗೋಡೆ ನೋಡಿಕೊಂಡು ಕೂತಳು. ಕೆಳಗಿನ ಯಜಮಾನತಿ ಒಂದು ಸಂಜೆ ಮೇಲೆ ಬಂದು 'ಚೆನ್ನಾಗಿದ್ದೀರಾಮ್ಮ?' ಎಂದರೆ ಬರೀ ತಲೆ ಅಲ್ಲಾಡಿಸಿದಳು. 'ನಿಮ್ಮ ತಾಯಿಗೆ ಮಾತು ಬರಲ್ವಾ?' ಎಂದು ಅವರು ಆಮೇಲೆ ಕೇಳಿದರು. 'ವಯಸ್ಸಾಯ್ತಲ್ಲ, ಕಿವಿ ಮಂದ' ಎಂದೆವು. ಇದು ನಾವು ಆ ಮನೆಯಲ್ಲಿ ಬಾಯಿ ಬಿಟ್ಟು ಹೇಳಿದ ಮೊದಲನೇ ಸುಳ್ಳು, ಹೆತ್ತವಳ ಮೇಲೆ ಹೇಳಿದ್ದು.

ನಾಲ್ಕನೇ ದಿನ ಅವ್ವ ಚೀಲ ಕಟ್ಟಿದಳು. 'ಇನ್ನೆರಡ್ ದಿನ ಇರವ್ವ' ಅಂದರೆ, 'ನಿಮ್ಮ ಮನಲಿ ನನ್ ಬಾಯ್ಗ ಜಾಗಿಲ್ಲ ಕನ ಮಗ' ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಬಸ್ಸಿನಲ್ಲಿ ಸೀಟಿಲ್ಲ ಎನ್ನುವ ಹಾಗೆ ಹೇಳಿದಳು.

ಈಗ ನ್ಯಾಯದ ಮಾತಿಗೆ ಬರೋಣ. ನಾವು ಮಾಡಿದ್ದು ತಪ್ಪೇ?

ಸತ್ಯವನ್ನು ನಮಗೆ ಶಾಲೆಯಲ್ಲಿ ಹಸುವಿನ ಕೈಯಲ್ಲಿ ಹೇಳಿಸಿ ಕಲಿಸುತ್ತಾರೆ. ಕೊಟ್ಟ ಮಾತಿಗೆ ತಪ್ಪದೆ ಹಸು ಹುಲಿಯ ಮುಂದೆ ಬಂದು ನಿಲ್ಲುತ್ತದೆ, ಹುಲಿ ನಾಚಿ ಪ್ರಾಣ ಬಿಡುತ್ತದೆ. ಓದಿ ನಾವೂ ಅತ್ತಿದ್ದೇವೆ. ಆದರೆ ನಮ್ಮ ಅನುಭವದ ಹುಲಿ ನಾಚುವುದಿಲ್ಲ, ಸಾಯುವುದಿಲ್ಲ. 'ಮನೆ ಆಗೋಯ್ತು' ಎಂದು ಗೇಟು ಹಾಕಿಕೊಳ್ಳುತ್ತದೆ. ಇನ್ನು ಸತ್ಯಕ್ಕೇ ಹೆಸರಾದ ಹರಿಶ್ಚಂದ್ರ. ರಾಘವಾಂಕನ ಕಾವ್ಯದಲ್ಲಿ ಆ ದೊರೆಯ ಮುಂದೆ ಇಬ್ಬರು ಹೊಲತಿಯರು ಬಂದು ಹಾಡಿ ಮೆಚ್ಚಿಸಿ ಮದುವೆಯಾಗು ಎನ್ನುತ್ತಾರೆ. ದೊರೆಗೆ ಹಾಡು ಬೇಕು, ಹಾಡಿದವರು ಬೇಡ. ಕೊನೆಗೆ ರಾಜ್ಯವನ್ನೇ ಬಿಟ್ಟುಕೊಡುತ್ತಾನೆ, ಅವರನ್ನು ಮಾತ್ರ ಒಲ್ಲ. ಸತ್ಯವೂ ಜಾತಿಯೂ ಒಂದೇ ಎದೆಯಲ್ಲಿ ಜಗಳವಿಲ್ಲದೆ ಸಂಸಾರ ಮಾಡಬಲ್ಲವು ಎಂದು ಇಷ್ಟು ಚೆನ್ನಾಗಿ ತೋರಿಸಿದ ಕಾವ್ಯ ಇನ್ನೊಂದಿಲ್ಲ. ಆಮೇಲೆ ಗತಿಯಿಲ್ಲದೆ ಬಂದ ಅದೇ ದೊರೆಗೆ ಕೆಲಸ ಕೊಟ್ಟವನು ಯಾರು? ಸುಡುಗಾಡಿನ ವೀರಬಾಹು. ಅವನು 'ಮನೆದೇವ್ರು ಯಾವುದು' ಎಂದು ಕೇಳಿದಂತೆ ನಾವು ಓದಿಲ್ಲ.

ಸತ್ಯ ಒಂದು ಸಾಲದ ಹಾಗೆ. ಕೇಳುವವನಿಗೆ ಕೇಳುವ ಹಕ್ಕಿರಬೇಕು. ಬಾಡಿಗೆ ಕಟ್ಟುತ್ತೀಯಾ, ಎಷ್ಟು ಜನ ಇರುತ್ತೀರಿ, ಎಲ್ಲಿ ಕೆಲಸ, ಇವು ಮನೆ ಕೊಡುವವನು ಕೇಳಲೇಬೇಕಾದ ಮಾತು. ಇದರಲ್ಲಿ ಸುಳ್ಳು ಹೇಳಿದರೆ ಮೋಸ. ಜಾತಿಯನ್ನು ಕೇಳುವುದು ಯಾಕೆ? ಹೊರಗಿಡುವುದಕ್ಕೆ. ಬೇರೆ ಉಪಯೋಗವೇ ಇಲ್ಲದ ಪ್ರಶ್ನೆ ಅದು. ನಮ್ಮನ್ನು ಹೊಡೆಯಲು ಕೋಲು ಹುಡುಕುತ್ತಿರುವವನಿಗೆ 'ಇಗೋ ಸ್ವಾಮಿ, ಕೋಲು' ಎಂದು ಕೊಡುವುದು ಸತ್ಯವಂತಿಕೆ ಅಲ್ಲ. ಆದ್ದರಿಂದ ಆ ಯಜಮಾನರಿಗೆ ನಾವು ಅನ್ಯಾಯ ಮಾಡಿದೆವು ಎಂದು ಇವತ್ತಿಗೂ ಒಪ್ಪುವುದಿಲ್ಲ. ಅವರಿಗೆ ಬಾಡಿಗೆ ಐದನೇ ತಾರೀಖಿಗೆ ಮುಟ್ಟಿದೆ, ಒಂದು ತಿಂಗಳೂ ತಪ್ಪಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನಾವು ಗೆದ್ದಂತೆ. ನಿಲ್ಲಿಸಲು ಬಾಬಾಸಾಹೇಬರು ಬಿಡುವುದಿಲ್ಲ.

1917ರಲ್ಲಿ ಅಮೆರಿಕ, ಲಂಡನ್ನುಗಳಲ್ಲಿ ಓದಿ ಬಂದ ಅಂಬೇಡ್ಕರ್ ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದರು. ಇಳಿದುಕೊಳ್ಳಲು ಜಾಗವಿಲ್ಲ. ಕೊನೆಗೆ ಒಂದು ಪಾರ್ಸಿ ವಸತಿಗೃಹ. ಅಲ್ಲಿ ಪಾರ್ಸಿಗಳಿಗೆ ಮಾತ್ರ ಜಾಗ. ರಿಜಿಸ್ಟರಿನಲ್ಲಿ ಒಂದು ಪಾರ್ಸಿ ಹೆಸರು ಬರೆಸಿ, ದಿನಕ್ಕೆ ಒಂದೂವರೆ ರೂಪಾಯಿಗೆ ಒಪ್ಪಿಕೊಂಡರು. ಇವರು ಪಾರ್ಸಿ ಅಲ್ಲವೆಂದು ಅಲ್ಲಿ ನೋಡಿಕೊಳ್ಳುವವನಿಗೂ ಗೊತ್ತಿತ್ತು. ಬೇರೆ ಗಿರಾಕಿ ಇರಲಿಲ್ಲ, ಅವನಿಗೆ ದುಡ್ಡು ಬೇಕಿತ್ತು. ಖಾಲಿ ಮಹಡಿ, ಮುರುಕು ಸಾಮಾನು, ಒಂದು ಲಾಟೀನು. ಹನ್ನೊಂದನೇ ದಿನ ಹನ್ನೆರಡು ಮಂದಿ ಪಾರ್ಸಿಗಳು ದೊಣ್ಣೆ ಹಿಡಿದು ಬಂದರು. ಒಂದು ವಾರ ಕೊಡಿ ಎಂದರೂ ಕೇಳದೆ ಸಂಜೆಯೊಳಗೆ ಖಾಲಿ ಮಾಡಿಸಿದರು. ಸರ್ಕಾರಿ ಬಂಗಲೆಗೆ ಹಾಕಿದ್ದ ಅರ್ಜಿ ಕಚೇರಿಯಲ್ಲಿ ಕೂತಿತ್ತು. ಹಿಂದೂ ಗೆಳೆಯನೊಬ್ಬ, ನೀನು ಬಂದರೆ ನನ್ನ ಆಳುಗಳು ಹೊರಟುಹೋಗುತ್ತಾರೆ ಎಂದ. ಕ್ರೈಸ್ತ ಗೆಳೆಯ, ಹೆಂಡತಿ ಬರಲಿ ಕೇಳಿ ಹೇಳುತ್ತೇನೆ ಎಂದ. ರಾತ್ರಿಯ ಬೊಂಬಾಯಿ ರೈಲಿನ ಹೊತ್ತಿನವರೆಗೆ ಆ ವಿದ್ವಾಂಸ ಸಾರ್ವಜನಿಕ ಉದ್ಯಾನದಲ್ಲಿ ಕೂತಿದ್ದರು.

ಇದನ್ನೆಲ್ಲ ಅವರೇ ಬರೆದಿಟ್ಟಿದ್ದಾರೆ. 1990ರಲ್ಲಿ ಪುಸ್ತಕವಾಗಿ ಬಂತು. ಬೇರೆ ಹೆಸರಿನಲ್ಲಿ ಇದ್ದೆ ಎಂಬುದನ್ನು ಅವರು ಮುಚ್ಚಿಡಲಿಲ್ಲ, ಅದಕ್ಕೆ ಕ್ಷಮೆಯನ್ನೂ ಕೇಳಲಿಲ್ಲ. ಬಾಬಾಸಾಹೇಬರೇ ಹೆಸರು ಬದಲಿಸಿದ್ದರು, ನಮ್ಮದೇನು ಮಹಾ ಎಂದು ನಾವು ಕೆಲವು ಸಲ ಸಮಾಧಾನ ಮಾಡಿಕೊಂಡದ್ದುಂಟು. ಮತ್ತೆ ಓದಿದಾಗ ವ್ಯತ್ಯಾಸ ಕಂಡಿತು. ಅವರು ಹನ್ನೊಂದು ದಿನದ ಸುಳ್ಳನ್ನು ಊರಿಗೆಲ್ಲ ಕಾಣುವ ಹಾಗೆ ಬರೆದರು. ನಾವು ಹದಿನಾಲ್ಕು ತಿಂಗಳ ಸುಳ್ಳಿಗೆ ಅವರ ಫೋಟೋವನ್ನೇ ಸ್ವೆಟರಿನಲ್ಲಿ ಸುತ್ತಿಟ್ಟೆವು.

ಓನರಿಗೆ ಹೇಳಿದ ಸುಳ್ಳು ಓನರಿಗೆ ನಷ್ಟ ಮಾಡುವುದಿಲ್ಲ. ಅದು ತಿರುಗಿ ಮನೆಯೊಳಕ್ಕೇ ಬರುತ್ತದೆ. ಸುಳ್ಳು ಹೇಳಬಲ್ಲವರು ಓದಿದವರು, ಭಾಷೆ ತಿದ್ದಿಕೊಂಡವರು, ನಮ್ಮಂಥವರು. ಹೇಳಲಾರದವರು ಅವ್ವ, ಮಗು, ಊರಿನಿಂದ ಆಸ್ಪತ್ರೆಗೆಂದು ಬರುವ ಚಿಕ್ಕಪ್ಪ. ಸುಳ್ಳಿನ ಮನೆಯಲ್ಲಿ ಅವರಿಗೆ ಜಾಗ ಇರುವುದಿಲ್ಲ. ಯಜಮಾನರು ನಮ್ಮನ್ನು ಹೊರಗಿಡಬಾರದೆಂದು ನಾವು ನಮ್ಮವರನ್ನು ಹೊರಗಿಟ್ಟೆವು. ನಮ್ಮ ತಪ್ಪು ಅಲ್ಲಿದೆ. ನಮ್ಮ ಹಿಂದೆ ಬರುವವನಿಗೂ ಆ ಮನೆಯ ಬಾಗಿಲು ತೆರೆಯುವುದಿಲ್ಲ, ಯಾಕೆಂದರೆ ಆ ಮನೆಯಲ್ಲಿ ಹೊಲೆಯರು ಯಾವತ್ತೂ ಇರಲೇ ಇಲ್ಲ.

ಮನೆ ಬಿಡಲು ತೀರ್ಮಾನಿಸಿದೆವು. ಹೋಗುವಾಗ ಹೇಳಿಬಿಡೋಣ ಎಂದು ಗಂಡ ಹೆಂಡತಿ ಮಾತಾಡಿಕೊಂಡೆವು. ಆದರೆ ಲಕ್ಷ ರೂಪಾಯಿ ಅವರ ಕೈಯಲ್ಲಿದೆ. ಮೊದಲೇ ಹೇಳಿ, ಅವರು ಗೋಡೆ ಗೀಚಿದೆ, ನಲ್ಲಿ ಮುರಿದಿದೆ ಎಂದು ಹಿಡಿದುಕೊಂಡರೆ? ಹಾಗಾಗಿ ಸಾಮಾನು ಗಾಡಿಗೆ ಹಾಕಿ, ಸುಣ್ಣ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡು ಅವರು ಕೊಟ್ಟ ಎಂಬತ್ತೊಂಬತ್ತು ಸಾವಿರ ಎಣಿಸಿ ಜೇಬಿಗಿಟ್ಟುಕೊಂಡು, ಆಮೇಲೆ ಸತ್ಯ ಹೇಳಿದೆವು. ಎಂಥ ಹರಿಶ್ಚಂದ್ರರು! ಯಜಮಾನರು ನೆಲ ನೋಡಿದರು. ಅವರ ಮನೆಯವರು, 'ಮೊದಲೇ ಹೇಳಿದ್ರೆ ನಾವೇ ಎಲ್ಲಾದ್ರೂ ನೋಡಿಕೊಡ್ತಿದ್ವಲ್ಲ' ಎಂದರು. ಎಲ್ಲಾದ್ರೂ. ಮಗಳ ಕೆನ್ನೆ ಮುಟ್ಟಲು ಬಂದ ಕೈ ಅರ್ಧಕ್ಕೆ ನಿಂತಿತೋ, ಮುಟ್ಟಿತೋ, ನಮ್ಮಿಬ್ಬರಿಗೂ ಬೇರೆ ಬೇರೆ ನೆನಪಿದೆ.

ಈಗಿರುವುದು ಶೀಟಿನ ಮನೆ. ಸಾಲಾಗಿ ಆರು ಮನೆ, ಎರಡು ಕಕ್ಕಸು, ಒಂದು ಸಂಪು. ಬಾಡಿಗೆ ಐದೂವರೆ ಸಾವಿರ, ಅಡ್ವಾನ್ಸು ಮೂವತ್ತು. ಹನ್ನೊಂದು ತಿಂಗಳ ಕರಾರು, ಬಾಂಡ್ ಪೇಪರಿನಲ್ಲಿ; ವರ್ಷ ದಾಟಿದ ಕರಾರಾದರೆ 1908ರ ಕಾಯ್ದೆಯಂತೆ ನೋಂದಣಿ ಮಾಡಿಸಬೇಕಾಗುತ್ತದೆ, ಅದಕ್ಕೇ ದೊಡ್ಡ ಮನೆಗಳಿಗೂ ಚಿಕ್ಕ ಮನೆಗಳಿಗೂ ಈ ಹನ್ನೊಂದರ ಲೆಕ್ಕ. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚಿನ ಠೇವಣಿ ಬೇಡ ಎನ್ನುತ್ತದೆ. ಆ ಮಾದರಿ ನಮ್ಮ ಬೀದಿಗೆ ಬಂದಿಲ್ಲ.

ಇಲ್ಲಿ ಓನರು ಕೇಳಿದ್ದು ಒಂದೇ ಪ್ರಶ್ನೆ: 'ಐದನೇ ತಾರೀಖು ತಪ್ಪಲ್ಲ ತಾನೇ?'

ಅನಾನುಕೂಲ ಹೇಳದಿದ್ದರೆ ಆಗುವುದಿಲ್ಲ. ಬಡತನದ ಮನೆಗೆ ಗಂಧ ಹಚ್ಚಿ ಬರೆಯುವವರ ಮೇಲೆ ನಮಗೆ ಸಿಟ್ಟಿದೆ. ಮೇಲೆ ಹೊದಿಸಿದ್ದಕ್ಕೆ ಎ.ಸಿ. ಶೀಟು ಎನ್ನುತ್ತಾರೆ, ತಂಪಿನ ಎ.ಸಿ. ಅಲ್ಲ, ಆಸ್‌ಬೆಸ್ಟಾಸ್ ಸಿಮೆಂಟು. ಮಾರ್ಚಿನಿಂದ ಮೇ ತನಕ ಮಧ್ಯಾಹ್ನ ಒಳಗಿರಲು ಆಗುವುದಿಲ್ಲ, ಮಳೆ ಬಂದರೆ ಎದುರು ಕೂತವರ ಮಾತು ಕೇಳುವುದಿಲ್ಲ. ಬೆಳಿಗ್ಗೆ ಕಕ್ಕಸಿಗೆ ಸಾಲು. ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಐದಕ್ಕೇ ಏಳುತ್ತಾರೆ. 2024ರ ಬೇಸಿಗೆಯಲ್ಲಿ ಬೋರು ಬತ್ತಿ ಟ್ಯಾಂಕರಿಗೆ ಕಾದು ಕೂತೆವು. ಕುಡಿಯಲು ಕಾಯಿನ್ ಹಾಕಿ ಕ್ಯಾನ್ ತುಂಬುವ ಘಟಕ, ಅಲ್ಲೂ ಸಾಲು. 2023ರಲ್ಲಿ ಗೃಹಜ್ಯೋತಿ ಬಂದಾಗ ನಮಗೂ ಸೊನ್ನೆ ಬಿಲ್ಲು ಬರುತ್ತದೆಂದು ಖುಷಿಪಟ್ಟಿದ್ದೆವು. ಆರು ಮನೆಗೆ ಒಂದೇ ಮೀಟರು. 200 ಯೂನಿಟ್ಟು ದಾಟಿದರೆ ಪೂರ್ತಿ ಬಿಲ್ಲು. ಆರು ಮನೆ ಸೇರಿ ದಾಟದೆ ಇರುತ್ತದೆಯೇ? ದೊಡ್ಡ ಮನೆಯಲ್ಲಿದ್ದಿದ್ದರೆ ಬಿಟ್ಟಿ ಕರೆಂಟು, ಬಡವರಾಗಿದ್ದಕ್ಕೆ ಬಿಲ್ಲು.

ಹಾಲೋ ಬ್ಲಾಕಿನ ಗೋಡೆ. ಮೊಳೆ ನಿಲ್ಲುವುದಿಲ್ಲ, ಉದುರುತ್ತದೆ. ಬಾಬಾಸಾಹೇಬರನ್ನು ಟಿ.ವಿ.ಯ ಪಕ್ಕ ಒರಗಿಸಿ ಇಟ್ಟಿದ್ದೇವೆ. ಬಾಗಿಲು ತೆಗೆದರೆ ಬೀದಿಗೇ ಕಾಣುತ್ತಾರೆ.

ಅವ್ವ ಬಂದಳು. ಮೊದಲ ದಿನವೇ ಸಂಪಿನ ಹತ್ತಿರ ಕೂತು ರಾಯಚೂರಿನ ಹೆಂಗಸಿನ ಜೊತೆ ಮಾತಿಗೆ ಬಿದ್ದಳು. ಆಕೆಯ ಕನ್ನಡ ಇವಳಿಗೆ ಅರ್ಧ, ಇವಳ ಕನ್ನಡ ಆಕೆಗೆ ಅರ್ಧ. ಆದರೂ ಎಂಟು ದಿನ ಮಾತು ಮುಗಿಯಲಿಲ್ಲ. ಮೂರನೇ ಮನೆಯ ಆಟೋ ಓಡಿಸುವ ಸಾಬರ ಹೆಂಡತಿ ಒಂದು ಬಟ್ಟಲು ತಂದುಕೊಟ್ಟಳು. ಅವ್ವ ಮೂಸಿ ನೋಡಿ, ಎಷ್ಟೋ ವರ್ಷದ ಮೇಲೆ ನಕ್ಕ ಹಾಗೆ ನಕ್ಕಳು. ಏನಿತ್ತು ಬಟ್ಟಲಲ್ಲಿ ಎಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ಹಾಗಾದರೆ ಶೀಟಿನ ಮನೆಯೇ ಸಮತಾ ಸಮಾಜವೋ? ನಾವೂ ಸ್ವಲ್ಪ ದಿನ ಹಾಗೆ ನಂಬಿದ್ದೆವು. ಒಂದು ದಿನ ಬಾಡಿಗೆ ಕೊಡಲು ಓನರ ಮನೆಗೆ ಹೋದೆವು. ಎರಡು ರಸ್ತೆ ಆಚೆ, ಮೂರು ಮಹಡಿ. ಮಧ್ಯದ ಮಹಡಿ ಖಾಲಿ ಇತ್ತು. 'ಇದಕ್ಕೆಷ್ಟು ಸಾರ್?' ಎಂದು ಸುಮ್ಮನೆ ಕೇಳಿದೆವು. ಆತ ನಕ್ಕು, 'ಅದು ಫ್ಯಾಮಿಲಿ ಮನೆ' ಎಂದ. ಹೆಂಡತಿ ಮಗಳು ಪಕ್ಕದಲ್ಲೇ ನಿಂತಿದ್ದರು. ಆತ ನಮ್ಮ ಜಾತಿ ಕೇಳದೆ ಇದ್ದದ್ದು ಜಾತಿ ಬಿಟ್ಟದ್ದರಿಂದಲ್ಲ, ನಮ್ಮ ಪಕ್ಕದಲ್ಲಿ ತಾನು ವಾಸ ಮಾಡುವುದಿಲ್ಲವಾದ್ದರಿಂದ. ಶೀಟಿನ ಸಾಲು ಅವನ ಲೆಕ್ಕದಲ್ಲಿ ಹಸುವಿನ ಕೊಟ್ಟಿಗೆಯಂತೆ. ಕೊಟ್ಟಿಗೆಯಲ್ಲಿ ಕುಲ ಯಾರು ಕೇಳುತ್ತಾರೆ?

ಯಾರೂ ಕೇಳದ ಜಾಗ ಯಾವಾಗಲೂ ಬಿಡುಗಡೆಯ ಜಾಗವಲ್ಲ, ಹಾಸ್ಟೆಲ್ಲಿನಲ್ಲಿದ್ದವರಿಗೆ ಇದು ಗೊತ್ತು. ಅಲ್ಲೂ ಯಾರೂ ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. 1973ರ ಬೂಸಾ ಗಲಾಟೆಯಲ್ಲಿ ದಲಿತ ವಿದ್ಯಾರ್ಥಿಗಳನ್ನು ಹೊಡೆಯಲು ಬಂದವರು ವಿಳಾಸ ಹುಡುಕಬೇಕಾಗಿರಲಿಲ್ಲ.

ಕಾನೂನು ಇಲ್ಲವೇ ಎಂದರೆ, ಇದೆ. 1955ರ ಅಸ್ಪೃಶ್ಯತಾ ಕಾಯ್ದೆ, 1976ರ ತಿದ್ದುಪಡಿಯಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರಾದದ್ದು, ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟಲು, ಕೊಳ್ಳಲು, ವಾಸಿಸಲು ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡುವುದನ್ನು ಅಪರಾಧ ಎನ್ನುತ್ತದೆ. ಅಸ್ಪೃಶ್ಯತೆ ರದ್ದಾದದ್ದರಿಂದ ಬಂದ ಹಕ್ಕನ್ನು ಚಲಾಯಿಸಿದವನಿಗೆ ಮನೆ ಬಾಡಿಗೆಗೆ ಕೊಡದಿರುವುದನ್ನು ಬಹಿಷ್ಕಾರದಲ್ಲಿ ಸೇರಿಸುತ್ತದೆ. ಆದರೆ 'ಬೆಳಿಗ್ಗೆ ತಾನೇ ಮಾತಾಯ್ತು' ಎಂಬ ಮೂರು ಪದದ ಮುಂದೆ ಈ ಕಾಯ್ದೆ ಏನು ಮಾಡೀತು? ಸಾಕ್ಷಿ ಯಾರು, ನೇತಾಡುವ ಬೋರ್ಡೇ? ದೆಹಲಿ ಸುತ್ತಿನಲ್ಲಿ ಮಾಡಿದ ಒಂದು ಅಧ್ಯಯನ 2015ರಲ್ಲಿ ಅಚ್ಚಾಯಿತು. ಫೋನಿನಲ್ಲೂ ಮುಖತಃ ಹೋಗಿಯೂ ಮನೆ ಕೇಳಿಸಿ ನೋಡಿದರೆ, ದಲಿತರನ್ನೂ ಮುಸ್ಲಿಮರನ್ನೂ ಓನರುಗಳು ತಿರುಗಿಸಿ ಕಳಿಸಿದ್ದು, ಇಲ್ಲವೆ ಹೆಚ್ಚಿನ ಷರತ್ತು ಹಾಕಿದ್ದು ಕಂಡುಬಂತು. ಇದಕ್ಕೆ ಅಧ್ಯಯನ ಬೇಕಿತ್ತೇ ಎಂದು ಅವ್ವನಂಥವರು ಕೇಳಬಹುದು. ಬೇಕು, ಅವ್ವನ ಮಾತಿಗೆ ಕೋರ್ಟಿನಲ್ಲಿ ಬೆಲೆಯಿಲ್ಲವಲ್ಲ. ಕೋರ್ಟು ಎಂದಾಗ ಇನ್ನೊಂದು ನೆನಪಾಗುತ್ತದೆ. ಅಹಮದಾಬಾದಿನ ಪಾರ್ಸಿಗಳ ಗೃಹನಿರ್ಮಾಣ ಸಹಕಾರ ಸಂಘವೊಂದು ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ನಿಯಮ ಇಟ್ಟುಕೊಂಡಿತ್ತು. ಸಂಘ ಕಟ್ಟಿಕೊಳ್ಳುವುದು ಅವರ ಹಕ್ಕು, ನಿಯಮ ಸರಿ ಎಂದು ಸುಪ್ರೀಂ ಕೋರ್ಟು 2005ರಲ್ಲಿ ಹೇಳಿತು. ಅದು ಸಣ್ಣ ಸಮುದಾಯ, ಅವರ ಭಯ ಬೇರೆ, ಒಪ್ಪೋಣ. ಆದರೆ 1917ರ ದೊಣ್ಣೆಯನ್ನು ಓದಿದವರಿಗೆ ಈ ತೀರ್ಪನ್ನು ಓದುವಾಗ ಬೆನ್ನು ಸ್ವಲ್ಪ ನೋಯುತ್ತದೆ.

ಬೇರೆಯವರನ್ನು ಬೈದು ಮುಗಿಸುವುದು ಸುಲಭ. ನಮ್ಮ ಕಥೆಯನ್ನೂ ಹೇಳಬೇಕು. ನಮ್ಮಲ್ಲೇ ಒಬ್ಬರು, ಒಳ್ಳೆ ಹುದ್ದೆಯಲ್ಲಿರುವವರು, ಬ್ಯಾಂಕ್ ಸಾಲ ತೆಗೆದು ಒಂದು ಬಡಾವಣೆಯಲ್ಲಿ ಮನೆ ಕಟ್ಟಿದರು. ಗೃಹಪ್ರವೇಶಕ್ಕೆ ನಾವೂ ಹೋಗಿ ಉಂಡು ಹೆಮ್ಮೆಪಟ್ಟು ಬಂದೆವು. ಮೇಲಿನ ಮನೆಗೆ ಟು-ಲೆಟ್ ಹಾಕಿದಾಗ ನಮ್ಮ ಪೈಕಿಯವರೊಬ್ಬರನ್ನು ಕಳಿಸಿದೆವು. ಕೊಡಲಿಲ್ಲ. 'ತಪ್ಪು ತಿಳ್ಕೋಬೇಡಿ, ನಮ್ಮೋರೇ ಬಂದು ಸೇರ್ಕೊಂಡ್ರೆ ಈ ಬೀದೀಲಿ ನಮ್ಮದೂ ಗೊತ್ತಾಗೋಗುತ್ತೆ' ಎಂದರು. ಅವರದು ಸ್ವಂತ ಮನೆ. ಆದರೂ ಸುಳ್ಳಿಗೆ ಬಾಡಿಗೆ ಕಟ್ಟುತ್ತಲೇ ಇದ್ದಾರೆ. ಇನ್ನೊಬ್ಬರು ಬಂದವನು ಬಲಗೈಯೋ ಎಡಗೈಯೋ ಎಂದು ವಿಚಾರಿಸಿ ಕೀ ಕೊಟ್ಟರು. ಸಭೆಯಲ್ಲಿ ಇವರಿಬ್ಬರೂ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಓನರು ಎಂಬುದೂ ಒಂದು ಜಾತಿಯೇ ಇರಬೇಕು, ಒಳಗೆ ಹೋದವರು ಬೇಗ ಅದರ ಮಾತು ಕಲಿಯುತ್ತಾರೆ. ನಮಗೆ ಸ್ವಂತ ಮನೆ ಆಗಿಲ್ಲವಾದ್ದರಿಂದ ನಾವು ಶುದ್ಧರಾಗಿ ಉಳಿದಿದ್ದೇವೋ ಏನೋ.

ಹುಡುಗನಿಗೆ ಏನು ಹೇಳಿದೆವು? ಮೊದಲು ಕೇಳಿದೆವು, 'ನಿಮ್ಮಪ್ಪ ಅವ್ವ ಇಲ್ಲಿಗೆ ಬರ್ತಾರಾ?' 'ಅವ್ವನಿಗೆ ಕಣ್ಣು ಆಪರೇಶನ್ ಮಾಡಿಸ್ಬೇಕು, ಬಂದು ಎರಡು ತಿಂಗಳು ಇರ್ತಾಳೆ' ಎಂದ. 'ಹಂಗಾದ್ರೆ ಅವಳು ಮಾತಾಡೋ ಹಂಗಿರೋ ಮನೆ ನೋಡು' ಎಂದೆವು. 'ಅದು ಸಿಗದೇ ಇದ್ರೆ?' ಎಂದ. ಒಬ್ಬನೇ ಇರುವ ತನಕ, ತಲೆಯ ಮೇಲೆ ಸೂರು ಇಲ್ಲದ ತನಕ, ಓನರು ಕೇಳಿದ್ದಕ್ಕೆ ಏನು ಬೇಕಾದರೂ ಹೇಳು, ಆ ಪಾಪ ನಿನಗೆ ತಟ್ಟುವುದಿಲ್ಲ, ಅದು ಕೇಳಿದವನದು ಎಂದೆವು. ಅವ್ವ ಬರುವ ಮೊದಲು ಆ ಮನೆ ಬಿಡು ಎಂದೆವು. ಹುಡುಗ ಮುಖ ಸಣ್ಣ ಮಾಡಿ, 'ಎರಡು ಸಲ ಅಡ್ವಾನ್ಸು ಎಲ್ಲಿಂದ ತರ್ಲಿ ಅಣ್ಣ?' ಎಂದ. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಭಾನುವಾರ ಅವನ ಜೊತೆ ನಾವೂ ಹೋಗುತ್ತಿದ್ದೇವೆ. ಅವ್ವನೂ ಈಗ ಇಲ್ಲೇ ಇದ್ದಾಳೆ, ತಾನೂ ಬರುತ್ತೇನೆ ಎನ್ನುತ್ತಿದ್ದಾಳೆ. ಬಾಯಿ ಕಟ್ಟಿಕೊಂಡು ಬರುವುದಿಲ್ಲ ಎಂದು ಮೊದಲೇ ಹೇಳಿದ್ದಾಳೆ. ನಮ್ಮ ಸಾಲಿನ ಐದನೇ ಮನೆ ಮುಂದಿನ ತಿಂಗಳು ಖಾಲಿಯಾಗುತ್ತದೆಂದು ಹುಡುಗನಿಗೆ ತಿಳಿಸಿದ್ದೇವೆ. ನೀರು ಎರಡು ದಿನಕ್ಕೊಂದು ಸಲ ಎಂಬುದನ್ನೂ ತಿಳಿಸಿದ್ದೇವೆ.